ಅಂಗೈಗೆ ತೊಡಿಯ ತೊಗಲು

ನನ್ನ ಮಗಳ ಎಡ ಅಂಗೈ ಹನ್ನೊಂದು ತಿಂಗಳು ಮುಚ್ಚಿಕೊಂಡೇ ಇತ್ತು. ಎಡಗೈ ತಾನೇ, ಉಣ್ಣಾಕ ಬರಿಯಾಕ ಬಲಗೈ ಐತಲ್ಲ ಅಂದವರು ಭಾಳ ಮಂದಿ. ಅವರಿಗೆ ಗೊತ್ತಿಲ್ಲ. ನಾವು ಲಿಂಗ ಕಟ್ಟಿಕೊಂಡವರು. ಮುಂಜಾನೆ ಜಳಕ ಆದ ಮ್ಯಾಲೆ ಕೊರಳಿನ ಕರಡಿಗಿ ಬಿಚ್ಚಿ, ಲಿಂಗ ತೆಗೆದು ಎಡ ಅಂಗೈ ಮ್ಯಾಲೆ ಇಟ್ಟುಕೊಂಡು ಪೂಜಿ ಮಾಡಬೇಕು. ಅದಾದ ಮ್ಯಾಲೆ ಬಾಯಿಗೆ ತುತ್ತು. ಅಂಗೈನೇ ಇಲ್ಲದ ಹುಡುಗಿ ಲಿಂಗ ಎಲ್ಲಿ ಇಟ್ಟುಕೊಳ್ಳಬೇಕು? ಆ ಹನ್ನೊಂದು ತಿಂಗಳು ನಮ್ಮ ಮನಿಯೊಳಗ ಇದ್ದದ್ದು ಇದೊಂದೇ ಪ್ರಶ್ನಿ.

ಎಪ್ಪತ್ತರ ದಶಕ ಮುಗಿಯುವ ಹೊತ್ತು ಅದು. ಇಳಕಲ್ಲಿನ ನಮ್ಮ ಮನಿಯೊಳಗ ಎರಡು ಕುಣಿಮಗ್ಗ ಇದ್ದವು. ಒಂದು ಅತ್ತಿದು, ಒಂದು ಮೈದುನನದು. ನನ್ನ ಗಂಡ ಇರಲಿಲ್ಲ, ಸತ್ತು ಆರು ವರ್ಷ ಆಗಿತ್ತು. ನಾನು ಬಾಗಲಕೋಟೆಯೊಳಗ ಕೆಲಸಕ್ಕಿದ್ದೆ, ಮಗಳು ಅತ್ತಿಯ ಹತ್ತಿರ ಇದ್ದಳು. ಆವತ್ತು ಹಾಸಿನ ನೂಲಿಗೆ ಗಂಜಿ ಹಾಕುವ ದಿನ. ಅಂಗಳದಾಗ ದೊಡ್ಡ ಹಂಡೆಯೊಳಗ ಗಂಜಿ ಕುದಿಸಿ ಇಳಿಸಿಟ್ಟಿದ್ದರು. ಒಂಬತ್ತು ವರ್ಷದ ಹುಡುಗಿ, ಉದ್ದಕ್ಕೂ ಚಾಚಿದ ನೂಲಿನ ಮ್ಯಾಲಿಂದ ಜಿಗಿಯಾಕ ಹೋಗಿ ಕಾಲು ತೊಡರಿ ಬಿದ್ದಳು. ಎಡಗೈ ಹಂಡೆಯೊಳಗ ಊರಿತು. ಕುದಿನೀರು ಬಿದ್ದರ ಹರಿದು ಹೋಗತೈತಿ. ಗಂಜಿ ಹೋಗೂದಿಲ್ಲ, ಹಿಡಕೊಂಡು ಕೂಡತೈತಿ.

ಅತ್ತಿ ಬೆಣ್ಣಿ ಹಚ್ಚಿದಳು. ಬೆರಳು ಮಡಚಿ ಮುಷ್ಟಿ ಮಾಡಿ, ತನ್ನ ಹಳೇ ಸೀರಿಯ ಮೆತ್ತನ್ನ ತುಂಡು ಸುತ್ತಿ ಕಟ್ಟಿದಳು. ಮುಚ್ಚಿದ ಕೈಗೆ ಗಾಳಿ ತಾಗೂದಿಲ್ಲ, ಉರಿ ಕಡಿಮಿ ಅನ್ನೂದು ಆಕಿಯ ತಿಳಿವಳಿಕಿ. ಹುಡುಗಿ ಅಳೂದು ನಿಂತದ್ದು ಖರೆ. ದಿನಾ ಬೆಣ್ಣಿ, ದಿನಾ ಅದೇ ಮುಷ್ಟಿ. ಒಳಗ ಹುಣ್ಣು ಮಾಯುತ್ತಾ ಮಾಯುತ್ತಾ ಬೆರಳಿನ ತೊಗಲು ಅಂಗೈಯ ತೊಗಲಿಗೆ ಕೂಡಿಕೊಂಡಿತು. ಕಡೀಕ ಬಟ್ಟಿ ಬಿಚ್ಚಿದಾಗ ಹುಣ್ಣು ಇರಲಿಲ್ಲ, ಕೈಯೂ ಇರಲಿಲ್ಲ. ಒಂದು ಗಂಟು ಇತ್ತು. ಅದಕ್ಕಾಗಿ ನಾನು ಅತ್ತಿಯನ್ನು ಬೈದಿಲ್ಲ. ಅಲ್ಲಿ ಇದ್ದಿದ್ದರ ನಾನೂ ಹಂಗೇ ಕಟ್ಟುತ್ತಿದ್ದೆ.

ಆಮ್ಯಾಲೆ ದಿನಾ ಮುಂಜಾನೆ ಅತ್ತಿ ಎರಡು ಪೂಜಿ ಮಾಡತೊಡಗಿದಳು. ಮೊದಲು ತನ್ನದು. ಆಮ್ಯಾಲೆ ಮೊಮ್ಮಗಳನ್ನು ಎದಿಗೆ ಆನಿಸಿ ಕೂಡಿಸಿಕೊಂಡು, ಹುಡುಗಿಯ ಕೊರಳಿನ ದಾರ ಕೊರಳಿನಲ್ಲೇ ಬಿಟ್ಟು, ಲಿಂಗ ಮಾತ್ರ ತನ್ನ ಅಂಗೈಗೆ ಇಳಿಸಿಕೊಂಡು ಪೂಜಿ. ಸೂಟಿಗೆ ಊರಿಗೆ ಹೋದಾಗ ನಾನು ಹಾಸಿಗಿಯಿಂದಲೇ ಅದನ್ನು ನೋಡುತ್ತಿದ್ದೆ. ಬೆಳಕಿಂಡಿಯಿಂದ ಬಿಸಿಲಿನ ಕೋಲು ಇಳಿದಿರುತ್ತಿತ್ತು, ವಿಭೂತಿಯ ಪುಡಿ ಅದರೊಳಗ ತೇಲುತ್ತಿತ್ತು. ನಿದ್ದಿಗಣ್ಣಿಗೆ ಅವರಿಬ್ಬರೂ ಒಂದೇ ಮೈಯಾಗಿ ಕಾಣುತ್ತಿದ್ದರು. ಎರಡು ತಲಿ, ಒಂದು ಅಂಗೈ, ನಡುವ ಒಂದು ಬಿಳಿ ದಾರ. ಕನಸೋ ಏನೋ ಅಂತ ನಾನು ಅಲುಗಾಡದೆ ಮಲಗಿರುತ್ತಿದ್ದೆ. ಒಂದು ದಿನ ಅತ್ತಿ ಕಣ್ಣು ತೆರೆಯದೆಯೇ ನನಗ ಅಂದಳು, "ನಾ ಇರೂತನಕ ನನ್ನ ಕೈ ಐತಿ. ಆಮ್ಯಾಲೆ?"

ಆ ಸೂಟಿ ಮುಗಿದ ಕೂಡಲೇ ಮಗಳನ್ನು ಬಾಗಲಕೋಟೆಗೆ ಕರಕೊಂಡು ಬಂದೆ. ಅಲ್ಲಿ ಆಕಿಯ ಲಿಂಗ ನನ್ನ ಅಂಗೈಗೆ ಬಂತು. ನಾನೇನು ದೊಡ್ಡ ಭಕ್ತಿವಂತಳಲ್ಲ. ಪೂಜಿ ಮುಗಿಸದೆ ಆಕಿ ಉಣ್ಣುತ್ತಿರಲಿಲ್ಲ, ಆಕಿ ಉಣ್ಣದೆ ಸಾಲಿಗೆ ಹೋಗುವಂತಿರಲಿಲ್ಲ. ಅಷ್ಟಕ್ಕೇ ಮಾಡಿದೆ.

ನನ್ನ ಕೆಲಸ ಕಾಲೇಜಿನ ಪ್ರಯೋಗಶಾಲೆಯೊಳಗ. ಕಸ ಹೊಡೆಯೂದು, ಗಾಜು ತೊಳೆಯೂದು, ಬಾಟಲಿ ಒರೆಸೂದು. ನಾನು ಓದಿದ್ದು ಎರಡನೇ ಇಯತ್ತೆ. ಅದೂ ಮರೆತುಹೋಗಿತ್ತು. ಅಲ್ಲಿದ್ದ ಮೇಡಂ, ಕನ್ನಡಕ ಹಾಕಿಕೊಂಡ ಸಣ್ಣ ವಯಸ್ಸಿನ ಹೆಣ್ಣುಮಗಳು, ಬಾಟಲಿಗಳ ಮ್ಯಾಲೆ ನನಗಾಗಿ ಕನ್ನಡದಾಗ ಚೀಟಿ ಅಂಟಿಸಿದ್ದರು. ನಾನು ಎರಡನೇ ಸರ್ತಿ ಅಕ್ಷರ ಕಲಿತದ್ದು ಹಂಗ. ತಪ್ಪಿಲ್ಲದೆ ಬರಿಯಾಕ ಬಂದ ಮೊದಲನೇ ಮಾತು "ವಿಷ". ಎರಡನೇದು "ಮುಟ್ಟಬಾರದು". ಈಗ ಇಷ್ಟುದ್ದ ಬರಿಯಾಕ ಕೂತದ್ದು ಆ ಚೀಟಿಗಳ ಪುಣ್ಯ.

ಆ ಕಟ್ಟಡ ಈಗ ಆಣೆಕಟ್ಟಿನ ಹಿನ್ನೀರಿನೊಳಗ ಹೋಗೈತಿ. ಕಣ್ಣು ಮುಚ್ಚಿದರ ನನಗ ಅದು ನೀರಿನ ಕೆಳಗೇ ಕಾಣತೈತಿ. ಬಾಗಿಲು ತೆಗೆದ ಕಪಾಟು, ಅದರೊಳಗ ಸಾಲಾಗಿ ಬಾಟಲಿ, ಬಾಟಲಿಯೊಳಗ ಹಾವು, ಕಪ್ಪಿ, ಏಡಿ, ಮ್ಯಾಲೆ ಮೀನ ಓಡಾಡಾಕತ್ತಾವ. ಕಪಾಟಿನ ಒಂದು ಹಲಗಿ ಮ್ಯಾಲೆ ತತ್ತಿಯೊಳಗಿನ ಕೋಳಿಮರಿಗಳನ್ನು ಇಟ್ಟಿದ್ದರು, ದಿನಕ್ಕೊಂದರಂತೆ. ಮೊದಲನೇ ಬಾಟಲಿಯೊಳಗ ಬರೀ ಒಂದು ಚುಕ್ಕಿ. ಮುಂದಿನದರಾಗ ಚುಕ್ಕಿಯ ಸುತ್ತ ಕೆಂಪು ಎಳಿ. ಮುಂದ ಒಂದು ದೊಡ್ಡ ಕರೀ ಕಣ್ಣು. ಆಮ್ಯಾಲೆ ಮೊಳಕಿಯಂಥ ನಾಕು ಉಬ್ಬು, ಎರಡು ಕಾಲಿಗೆ, ಎರಡು ರೆಕ್ಕಿಗೆ. ಸಾಲಿ ಬಿಟ್ಟ ಮ್ಯಾಲೆ ನನ್ನ ಮಗಳು ಬಂದು ಆ ಹಲಗಿಯ ಮುಂದ ಕೂಡುತ್ತಿದ್ದಳು. ಮುಚ್ಚಿದ ಕೈ ಉಟ್ಟ ಪರಕಾರದ ಮಡಿಕಿಯೊಳಗ ಅಡಗಿಸಿಕೊಂಡು, ಇನ್ನೊಂದು ಕೈಯ ಬೆರಳಿನಿಂದ ಗಾಜು ಮುಟ್ಟುತ್ತಾ ಒಂದನೇ ದಿನದಿಂದ ಕೊನೇ ದಿನದತನಕ ಹೋಗುತ್ತಿದ್ದಳು. ಅಲ್ಲಿಂದ ತಿರುಗಿ ಒಂದನೇ ದಿನಕ್ಕ ಬರುತ್ತಿದ್ದಳು. ಆಕಿ ಏನು ಹುಡುಕುತ್ತಿದ್ದಳು ಅಂತ ನಾನು ಕೇಳಲಿಲ್ಲ.

ಪ್ರತಿ ವರ್ಷ ಪರೀಕ್ಷೆ ಬಂತಂದರ ಮೇಡಂ ನನಗ ಉಳ್ಳಾಗಡ್ಡಿ ತರಿಸುತ್ತಿದ್ದರು. ಅಗಲ ಬಾಯಿಯ ಬಾಟಲಿಗಳಿಗೆ ನೀರು ತುಂಬಿ, ಒಂದೊಂದರ ಮ್ಯಾಲೆ ಒಂದೊಂದು ಗಡ್ಡಿ ಕೂಡಿಸಿ, ಬುಡ ಮಾತ್ರ ನೀರು ಮುಟ್ಟುವಂಗ ಇಡಬೇಕು. ಮೂರು ದಿನಕ್ಕ ಬಿಳೀ ಬೇರು ಇಳಿಯತಾವ, ಬೆರಳುದ್ದ, ಮುದುಕನ ಗಡ್ಡದಂಗ. ನಲವತ್ತು ಬಾಟಲಿ, ನಲವತ್ತು ಗಡ್ಡ. ಕಿಟಕಿಯಿಂದ ಬೆಳಕು ಬಿದ್ದಾಗ ನೀರೊಳಗ ಅವು ಹೊಳೆಯುತ್ತಿದ್ದವು. ಯಾಕ ಬೆಳೆಸತಾರ ಅಂತ ನನಗ ಗೊತ್ತಿರಲಿಲ್ಲ. ಕೇಳುವ ಹಂಬಲವೂ ಇರಲಿಲ್ಲ.

ಕಾಲೇಜಿಗೆ ಸೇರುವ ಮೊದಲು ನಾನು ಬಾಗಲಕೋಟೆಯ ಉಳ್ಳಾಗಡ್ಡಿ ವಖಾರದಾಗ ನಾಕು ವರ್ಷ ಕೂಲಿ ಮಾಡಿದವಳು. ರಾಶಿಯ ಮುಂದ ಹೆಂಗಸರು ಸಾಲಾಗಿ ಕೂಡೂದು, ಕುಡಗೋಲು ಕಾಲಿನ ಬೆರಳಿಗೆ ಒತ್ತಿ ಹಿಡಿಯೂದು, ಗಡ್ಡಿ ಎತ್ತಿ ಮ್ಯಾಲೆ ಒಂದು ಕೊಯ್ತ, ಕೆಳಗ ಒಂದು ಕೊಯ್ತ. ಬೇರು ಇದ್ದ ಗಡ್ಡಿ ಹೊಲಸು ಗಡ್ಡಿ, ಚೀಲಕ್ಕ ಹಾಕುವಂತಿಲ್ಲ. ಮಾತಾಡುತ್ತಾ, ತೂಕಡಿಸುತ್ತಾ, ಕೈ ತಾನೇ ಕೊಯ್ಯುತ್ತಿತ್ತು.

ಪರೀಕ್ಷೆಯ ಮುಂಚಿನ ದಿನ ಮುಂಜಾನೆ ನಾನು ಏಳು ಗಂಟೆಗೇ ಹೋಗಿದ್ದೆ. ಹೊರಗಿನ ಊರಿನ ಪರೀಕ್ಷಕರು ಬರತಾರ, ಎಲ್ಲಾ ಸ್ವಚ್ಛ ಇರಲಿ ಅಂತ ಮೇಡಂ ಅಂದಿದ್ದರು. ಹಿಂದಿನ ಸಂಜಿ, ಸಾಲಿಯ ಹುಡುಗಿಯರು ನನ್ನ ಮಗಳಿಗೆ "ಮುಷ್ಟಿ" ಅಂತ ಹೆಸರಿಟ್ಟದ್ದು ನನ್ನ ಕಿವಿಗೆ ಬಿದ್ದಿತ್ತು. ಅದನ್ನೇ ನೆನೆಸುತ್ತಾ ನೆಲದ ಮ್ಯಾಲೆ ಕೂತೆ. ಬ್ಲೇಡು ಎಲ್ಲಿಂದ ಕೈಗೆ ಬಂತೋ ನೆನಪಿಲ್ಲ. ಎಚ್ಚರ ಆದಾಗ ನಲವತ್ತು ಗಡ್ಡಿಯ ಬೇರಿನ ತುದಿಯನ್ನೂ ಸಮಾ ಕತ್ತರಿಸಿ, ಗಾಜು ಒರೆಸಿ, ಸಾಲಾಗಿ ಇಟ್ಟಿದ್ದೆ. ಕತ್ತರಿಸಿದ್ದನ್ನು ಮೊರದೊಳಗ ತುಂಬಿ ಹಿತ್ತಲಿನ ಕಸದ ಮ್ಯಾಲೆ ಚೆಲ್ಲಿ ಬಂದಿದ್ದೆ. ಚಂದ ಆಗೇತಿ ಅಂತ ನನಗ ಸಮಾಧಾನವೂ ಆಗಿತ್ತು.

ಮೇಡಂ ಏಳೂವರೆಗೆ ಬಂದರು. ಬಾಟಲಿ ನೋಡಿದರು, ನನ್ನ ನೋಡಿದರು. ಸ್ಟೂಲಿನ ಮ್ಯಾಲೆ ಕೂತು ಕನ್ನಡಕ ತೆಗೆದರು.

"ತುದಿ ಎಲ್ಲಿ ಹಾಕಿದ್ರಿ?"

"ತಿಪ್ಪಿಗೆ."

"ನನಗ ಬೇಕಾದದ್ದು ಅದಷ್ಟ," ಅಂದರು. "ಉಳಿದ ಗಡ್ಡಿ ನೀವ ಮನಿಗೆ ಒಯ್ದು ಝುಣಕ ಮಾಡ್ಕೊಂಡ್ರೂ ನಡೀತದ."

ಇಬ್ಬರೂ ಹಿತ್ತಲಿಗೆ ಓಡಿದೆವು. ಒಂದು ಕೋಳಿ ಅಲ್ಲಿ ಆಗಲೇ ಕೆದರುತ್ತಿತ್ತು. ಅದನ್ನು ಓಡಿಸಿ, ಕಸದ ಮುಂದ ಕುಕ್ಕರಗಾಲಿನಲ್ಲಿ ಕೂತು, ಬಿಳೀ ಕೂದಲಿನಂಥ ತುದಿಗಳನ್ನು ಒಂದೊಂದಾಗಿ ಆರಿಸಿದೆವು. ಮೇಡಂ ಒಂದು ಸಣ್ಣ ಬಾಟಲಿಯೊಳಗ ಸ್ಪಿರಿಟ್ಟು, ಆಸಿಡ್ಡು ಕೂಡಿಸಿ ತಂದಿದ್ದರು, ಆರಿಸಿದ್ದನ್ನು ಅದರೊಳಗ ಹಾಕುತ್ತಾ ಹೋದರು. ಮುಂಜಾನೆ ಹೊತ್ತಿಗೆ ಬೇರು ಹೆಚ್ಚು ಬೆಳೆಯತೈತಿ, ಬೆಳೆಯೂವಾಗಲೇ ಅದನ್ನು ಹಿಡಿದು ನಿಲ್ಲಿಸಬೇಕು, ತಡ ಆದರ ಏನೂ ಕಾಣೂದಿಲ್ಲ ಅಂತ ಹೇಳಿದರು. ಸಿಟ್ಟು ಮಾಡಲಿಲ್ಲ. ಇಷ್ಟು ವರ್ಷ ನಾನು ಬೇರು ಬೆಳೆಸಿದೆ, ಯಾತಕ್ಕ ಅಂತ ನಿಮಗ ಹೇಳಲಿಲ್ಲ, ತಪ್ಪು ನಂದು ಅಂದರು. ತಪ್ಪು ನನ್ನದೇ ಇತ್ತು. ಆದರೂ ಅವರು ಅಂದದ್ದಕ್ಕ ಹೌದು ಅಂದೆ.

ಮಧ್ಯಾಹ್ನ ಕರೆದು ಸೂಕ್ಷ್ಮದರ್ಶಕದ ಮುಂದ ಕೂಡಿಸಿದರು. ಒಂದು ಕಣ್ಣು ಮುಚ್ಚಿಕೋರಿ ಅಂದರು. ಮೊದಲು ನನ್ನ ರೆಪ್ಪಿಯೇ ಕಂಡಿತು. ಆಮ್ಯಾಲೆ ಕಂಡದ್ದನ್ನು ಹೆಂಗ ಹೇಳಲಿ? ಸಾಲು ಸಾಲಾಗಿ ಕೋಣಿಗಳು, ಗೋಡಿಗೆ ಗೋಡಿ ಹಚ್ಚಿ ಕಟ್ಟಿದ ನೇಕಾರ ಓಣಿಯಂಗ. ಒಂದೊಂದು ಕೋಣಿಯೊಳಗ ಒಂದೊಂದು ಕೆಂಪು ಉಂಡಿ, ನಮ್ಮ ಸೀರಿಯ ಸೆರಗಿನ ಕೆಂಪು. ಒಂದು ಕೋಣಿಯೊಳಗ ಉಂಡಿ ಬಿಚ್ಚಿ ಎಳಿ ಎಳಿ ಆಗಿತ್ತು. ಇನ್ನೊಂದರಾಗ ಎಳಿಗಳೆಲ್ಲಾ ನಡುವಿಗೆ ಬಂದು ನಿಂತಿದ್ದವು. ಮತ್ತೊಂದರಾಗ ಅರ್ಧ ಎಳಿ ಆ ಕಡಿಗೆ, ಅರ್ಧ ಈ ಕಡಿಗೆ, ಯಾರೋ ಎರಡು ದಿಕ್ಕಿನಿಂದ ನೂಲು ಜಗ್ಗಿದಂಗ. ಅದರ ಬಾಜೂಕ ಒಂದು ಕೋಣಿಯ ನಡುವ ಹೊಸ ಗೋಡಿ ಏಳುತ್ತಿತ್ತು. ಸಪ್ಪಳ ಇಲ್ಲ, ಗಾಳಿ ಇಲ್ಲ. ನಾನು ಆ ಓಣಿಯೊಳಗ ಎಷ್ಟು ಹೊತ್ತು ಅಡ್ಡಾಡಿದೆನೋ ಗೊತ್ತಿಲ್ಲ.

ಜೀವ ಅದಾವೇನ್ರಿ ಅಂತ ಕೇಳಿದೆ. ಇಲ್ಲ, ಸತ್ತಾವ, ಸಾಯೂ ಹೊತ್ತಿಗೆ ಏನು ಮಾಡಾಕತ್ತಿದ್ದವೋ ಹಂಗೇ ನಿಂತಾವ ಅಂದರು ಮೇಡಂ.

ಅವರು ಹೇಳಿದ್ದನ್ನು ನನಗ ತಿಳಿದಂಗ ಬರೆಯುತ್ತೇನಿ. ಬೇರು ಉದ್ದ ಆಗೂದು ತುದಿಯಾಗ ಅಷ್ಟ. ಅಲ್ಲಿ ಒಂದು ಕೋಣಿ ಎರಡು ಆಗತೈತಿ, ಎರಡು ನಾಕು. ಅದಕ್ಕ ಅವರು ಜೀವಕೋಶ ಅಂತಾರ. ಹಿಂದ ಉಳಿದವು ಒಂದೊಂದು ಕೆಲಸ ಹಿಡಿಯತಾವ. ಒಂದು ಸಿಪ್ಪಿ ಆಗತೈತಿ, ಒಂದು ನೀರು ಏರಿಸುವ ಕೊಳವಿ ಆಗತೈತಿ. ತುದಿಯವು ಮಾತ್ರ ಏನೂ ಆಗದೆ ಉಳಿದಿರತಾವ. ಏನೂ ಆಗಿಲ್ಲ ಅಂತಲೇ ಎಲ್ಲಾ ಹುಟ್ಟಿಸಬಲ್ಲವು. ಮನಷ್ಯಾರೂ ಹಂಗೇ, ತಾಯಿ ಹೊಟ್ಟಿಯೊಳಗ ಮೊದಲು ಒಂದೇ ಕೋಶ, ಅದು ಒಡೆದು ಒಡೆದು ಕಣ್ಣು ಬ್ಯಾರೆ, ಕಾಲು ಬ್ಯಾರೆ.

"ಕೆಲಸ ಹಿಡಿದದ್ದು ತಿರುಗಿ ತುದಿ ಆಗತೈತೇನ್ರಿ?"

"ಸುಮ್ಮ ಸುಮ್ಮನ ಆಗೂದಿಲ್ಲ. ಒಮ್ಮೆ ಹಿಡಿದ್ರ ಅದ."

"ಹೆಂಗಸರಂಗ," ಅಂದೆ. ಮೇಡಂ ನಗಲಿಲ್ಲ.

ಬೇರು ಕತ್ತರಿಸೂವಾಗ ಮನಸು ಎಲ್ಲಿತ್ತು ಅಂತ ಆಮ್ಯಾಲೆ ಕೇಳಿದರು. ಹೇಳಿದೆ. ಅವರು ಎದ್ದು ಹೋಗಿ, ಸಾಲಿ ಬಿಟ್ಟು ಬಂದು ಕೋಳಿಮರಿಯ ಹಲಗಿಯ ಮುಂದ ಕೂತಿದ್ದ ನನ್ನ ಮಗಳ ಕೈ ಪರಕಾರದ ಮಡಿಕಿಯಿಂದ ಹೊರಗ ತೆಗೆದು ನೋಡಿದರು. ಅಷ್ಟು ದಿನ ಅದೇ ಕೋಣಿಯೊಳಗ ಇದ್ದರೂ ನೋಡಿರಲಿಲ್ಲ, ಹುಡುಗಿ ಅಡಗಿಸಿದ್ದಳು. ದೊಡ್ಡ ದವಾಖಾನಿಗೆ ತಿಂಗಳಿಗೆ ಎರಡು ಸರ್ತಿ ಹೊರಗಿನಿಂದ ಒಬ್ಬ ಡಾಕ್ಟರು ಬರತಾರ, ಸುಟ್ಟ ತೊಗಲು ಬಿಡಿಸತಾರ, ತೋರಿಸೋಣ ಅಂದರು.

ಡಾಕ್ಟರು ಧಾರವಾಡದ ಕಡಿಯ ಮಾತಿನವರು, ಮಾತು ಕಡಿಮಿ. ಮುಷ್ಟಿಯನ್ನು ಆ ಕಡಿ ಈ ಕಡಿ ತಿರುಗಿಸಿ ನೋಡಿದರು. ಬಿಗಿದ ತೊಗಲು ಕೊಯ್ದು ಬೆರಳು ನೆಟ್ಟಗ ಮಾಡತೇವಿ, ಆಗ ಅಂಗೈಯೊಳಗ ಹಸೀ ಮಾಂಸ ಉಳಿತದ, ತೊಡಿಯ ಮ್ಯಾಲಿನ ತೊಗಲು ತೆಳ್ಳಗ ಕೆತ್ತಿ ಅಲ್ಲಿ ಹೊಂದಿಸಿ ಹೊಲಿತೇವಿ ಅಂದರು. ನನ್ನ ತೊಡಿಯಿಂದ ತಗೋರಿ ಅಂದೆ. ಒಬ್ಬರದು ಇನ್ನೊಬ್ಬರಿಗೆ ಹತ್ತೂದಿಲ್ಲ, ತಾಯಿದಾದ್ರೂ ಮೈ ಅದನ್ನ ಉಗುಳತದ, ಆಕಿದ ಬೇಕು ಅಂದರು.

ಇಷ್ಟು ಹೊತ್ತಿಗೆ ನನ್ನ ಎದಿಯೊಳಗ ಒಂದು ಮಾತು ಕುಂತಿತ್ತು. ನಲವತ್ತು ಗಡ್ಡಿಯ ಬೇರು ಹಾಳು ಮಾಡಿದವಳು ನಾನು. ಕತ್ತರಿಸಿದ ಆ ಬೇರು ಮರುದಿನ ಒಂದು ಗೋಧಿಕಾಳಿನಷ್ಟೂ ಬೆಳೆದಿರಲಿಲ್ಲ.

"ತೊಡಿಯಾಗ ತುದಿ ಉಳಸ್ತೀರೋ, ಅದನ್ನೂ ತಗೀತೀರೋ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಇದನ್ನ ಕೇಳಬೇಕಂತ ನಿಮಗ ಯಾರು ಹೇಳಿದ್ರು?"

"ಉಳ್ಳಾಗಡ್ಡಿ," ಅಂದೆ.

ಅವರು ಖುರ್ಚಿ ಹತ್ತಿರ ಎಳಕೊಂಡು ಹೇಳಿದರು. ತೊಗಲಿಗೂ ಬೀಜ ಐತಿ. ಒಂದೊಂದು ಕೂದಲಿನ ಬುಡದಾಗ, ಬೆವರಿನ ಗುಂಡಿಯೊಳಗ ಅವು ಅಡಗಿ ಕೂತಿರತಾವ. ಮ್ಯಾಲಿಂದ ಮ್ಯಾಲೆ ಕೆತ್ತಿದರ ಅವು ಒಳಗ ಉಳಿಯತಾವ, ಮತ್ತ ತೊಗಲು ಬರತೈತಿ. ಮೆಂತೆಪಲ್ಯ ಬೇರು ಕೀಳದೆ ಮ್ಯಾಲೆ ಕೊಯ್ದಂಗ. ಆದರ ಹುಡುಗಿಯ ಅಂಗೈಯೊಳಗ ಗಂಜಿ ಆಳಕ್ಕ ಇಳಿದು ಬೀಜವನ್ನೂ ಸುಟ್ಟೈತಿ, ಅದಕ್ಕೇ ಅಲ್ಲಿ ಒಳ್ಳೇ ತೊಗಲು ಬರಲಿಲ್ಲ. ಈಗ ಪೇಪರಿನವರು ಇಂಥವಕ್ಕ ಕಾಂಡಕೋಶ ಅಂತ ಬರೆಯತಾರ. ಆಗ ಅವರು ಬೀಜ ಅಂದರು, ನನಗ ತಿಳಿಯಿತು. ಇನ್ನೂ ಒಂದು ಮಾತು ಮುಚ್ಚದೆ ಹೇಳಿದರು. ತೊಡಿಯ ತೊಗಲು ಅಂಗೈಗೆ ಬಂದರೂ ಅಂಗೈ ಆಗೂದಿಲ್ಲ. ಗೆರಿ ಮೂಡೂದಿಲ್ಲ, ಬೆವರೂದಿಲ್ಲ. ತೊಡಿಯ ತೊಗಲಾಗಿಯೇ ಇರತೈತಿ. ಕೈ ಮಾತ್ರ ತೆರೆಯತೈತಿ.

ಅತ್ತಿಗೆ ಕಾಗದ ಹಾಕಿದೆ. ಹುನಗುಂದದ ಮ್ಯಾಲೆ ಹಾದು ಬರುವ ಬಸ್ಸು ಹತ್ತಿ ಮರುದಿನವೇ ಬಂದಳು, ರೊಟ್ಟಿ ಗಂಟು ಇಳಿಸುವ ಮೊದಲೇ ಜಗಳ ಸುರು ಮಾಡಿದಳು. ನಡುವಿನ ಕೆಳಗಿನ ತೊಗಲು ಲಿಂಗದ ಕೆಳಗ ಹಾಸತೀಯೇನು, ಕೂಡೂ ಜಾಗದ ತೊಗಲಿನ ಮ್ಯಾಲೆ ದೇವರನ್ನ ಕೂಡಸತೀಯೇನು ಅಂದಳು. ನಾನು ಮೇಡಂ ಹೇಳಿದ್ದನ್ನು ಹೇಳಿದೆ, ಮೊದಲು ಎಲ್ಲಾ ಒಂದೇ ಇತ್ತು, ಆಮ್ಯಾಲೆ ಅಂಗೈ ಬ್ಯಾರೆ ತೊಡಿ ಬ್ಯಾರೆ ಆತು ಅಂದೆ.

"ಹಂಗಾದ್ರ ನಾಳಿಂದ ಕಾಲಿಲೆ ರೊಟ್ಟಿ ಬಡಿ ಬೇ," ಅಂದಳು. "ಎಲ್ಲಾ ಒಂದ ಅಲ್ಲ."

ಮಗಳು ನಕ್ಕುಬಿಟ್ಟಳು. ನನಗೂ ನಗು ಬಂತು, ನುಂಗಿದೆ. ಆಮ್ಯಾಲೆ ಅತ್ತಿ ದನಿ ಇಳಿಸಿ ಕೇಳಿದಳು, ಅಲ್ಲಿ ಹೋದ ಮ್ಯಾಲಾದರೂ ಅದು ಅಂಗೈ ಆಗತೈತೇನು ಅಂತ. ಹೂಂ ಅಂದಿದ್ದರ ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಆಗೂದಿಲ್ಲ, ತೊಡಿನ ಇರತೈತಿ ಅಂದೆ. ಸುಳ್ಳು ಹೇಳಿ ಹುಡುಗಿಯ ಕೈ ತೆರೆಸಿದರ, ನಾಳೆ ಗೆರಿ ಇಲ್ಲದ ಅಂಗೈ ನೋಡಿ ಮುದುಕಿ ಅದನ್ನ ಜನ್ಮಪೂರ್ತಿ ಮುಟ್ಟಲಿಕ್ಕಿಲ್ಲ.

ಅತ್ತಿ ಊರಿಗೆ ಹೋಗದೆ ಅಲ್ಲೇ ಉಳಿದಳು. ಮೂರನೇ ದಿನ, ಶಿವಯೋಗ ಮಂದಿರದ ಮಠಕ್ಕ ಹೋಗೋಣ, ಅಲ್ಲಿ ತಿಳಿದವರು ಬ್ಯಾಡ ಅಂದ್ರ ನೀನೂ ಬಾಯಿ ಮುಚ್ಚಬೇಕು ಅಂದಳು. ಒಪ್ಪಿದೆ.  ಅವರು ಬ್ಯಾಡ ಅಂದರ ಮುಗೀತು, ಹುಡುಗಿಯ ಕೈ ಆಕಿಯ ಜೋಡಿ ಮುಚ್ಚಿಕೊಂಡೇ ಮುದುಕಿ ಆಗತೈತಿ.

ಬಾದಾಮಿಗೆ ಹೋಗಿ, ಅಲ್ಲಿಂದ ಇನ್ನೊಂದು ಗಾಡಿ ಹಿಡಿದು ಹೋದೆವು. ಮಲಪ್ರಭೆಯೊಳಗ ನೀರು ಕಡಿಮಿ ಇತ್ತು, ಬಂಡೆಗಲ್ಲುಗಳ ನಡುವ ನಿಂತಂಗಿತ್ತು. ದಂಡಿಯ ಗಿಡದ ಕೆಳಗ ಒಬ್ಬ ವಯಸ್ಸಾದ ಅಜ್ಜ, ಅಲ್ಲೇ ಇದ್ದು ಪಾಠ ಹೇಳಿ ಹಣ್ಣಾದವರು, ವಿಭೂತಿ ಉಂಡಿಗಳನ್ನು ಬಿಸಿಲಿಗೆ ಹರವುತ್ತಿದ್ದರು. ನೂರಾರು ಬಿಳೀ ಉಂಡಿ, ಎಲ್ಲಾ ಒಂದೇ ನಮೂನಿ. ಬಿಸಿಲಿಗೆ ಕಣ್ಣು ಕುಕ್ಕಿ, ಅವು ನನ್ನ ಕಣ್ಣ ಮುಂದ ಒಂದು ಎರಡಾಗಿ ಎರಡು ನಾಕಾಗಿ ಹಬ್ಬಿದಂಗ ಆಯಿತು. ನಾನು ಗಿಡಕ್ಕ ಆನಿಕೊಂಡು ಕೂತೆ. ಅತ್ತಿ ನಿಂತುಕೊಂಡೇ ಎಲ್ಲಾ ಹೇಳಿದಳು, ತನ್ನ ಕಡಿಯ ಮಾತನ್ನು ಜೋರಾಗಿ, ನನ್ನ ಕಡಿಯದನ್ನು ಸಣ್ಣಗ. ಆದರ ಬಿಡದೆ ಹೇಳಿದಳು, ಅದು ಆಕಿಯ ದೊಡ್ಡಸ್ತಿಕಿ. ತೊಡಿಯದು ತೊಡಿಯಾಗಿಯೇ ಇರತೈತಂತ ಅನ್ನೂದನ್ನೂ ಹೇಳಿದಳು.

ಅಜ್ಜ ಹುಡುಗಿಯನ್ನು ಹತ್ತಿರ ಕರೆದರು. ಮುಷ್ಟಿ ಹಿಡಿದು ನೋಡಿದರು. ನೋಯತೈತೇನು ಅಂತ ಕೇಳಿದರು, ಇಲ್ಲ ಅಂದಳು. ನಿನಗೇನು ಬೇಕು ಅಂತ ಕೇಳಿದರು. ಅದನ್ನು ಆವರೆಗೆ ನಾವ್ಯಾರೂ ಕೇಳಿರಲಿಲ್ಲ.

"ನಂದು ನಾನ ಹಿಡಕೋಬೇಕ್ರಿ," ಅಂದಳು.

ಅಜ್ಜ ಅತ್ತಿಯ ಕಡಿಗೆ ನೋಡಿದರು. "ಮೊದಲ ಕೈ ತೆರಿಲಿ ತಂಗಿ. ಮುಚ್ಚಿದ ಮುಷ್ಟಿ ಮ್ಯಾಲೆ ಯಾರಾದ್ರೂ ಬಂದು ಕೂಡ್ತಾರೇನು?" ಅಷ್ಟು ಅಂದು ಮತ್ತ ಉಂಡಿ ಹೊಳ್ಳಿಸಾಕ ಹತ್ತಿದರು.

ಅದು ಹೂಂ ಅಂದಂಗೋ ಉಹೂಂ ಅಂದಂಗೋ ಅಂತ ಅತ್ತಿ ದಾರಿಗುಂಟ ಗೊಣಗಿದಳು. ಆದರ ಇಳಕಲ್ಲಿಗೆ ಹೋಗಲಿಲ್ಲ, ನಮ್ಮ ಜೋಡಿ ಬಾಗಲಕೋಟೆಯಲ್ಲೇ ಇಳಿದಳು.

ದವಾಖಾನಿಯ ದಿನಗಳು ನನಗ ಸರಿಯಾಗ ನೆನಪಿಲ್ಲ, ನಿದ್ದಿಯೊಳಗ ನಡೆದಂಗ ಅದಾವ. ಕೈ ಬಿಡಿಸಿ, ತೊಗಲು ಹೊಲಿದು, ಹಲಗಿಗೆ ಕಟ್ಟಿ ವಾರ್ಡಿಗೆ ಕಳಿಸಿದರು. ಐದು ದಿನ ಬಿಚ್ಚುವಂತಿಲ್ಲ. ಮಂಚದ ಕೆಳಗ ಚಾಪಿ ಹಾಸಿ ಮಧ್ಯಾಹ್ನ ಮಲಗಿದರ ಆ ಕೆಂಪು ಓಣಿ ಮತ್ತ ಬರುತ್ತಿತ್ತು. ಈ ಸರ್ತಿ ಕೋಣಿಗಳು ಸತ್ತಿರಲಿಲ್ಲ. ಒಂದೊಂದು ಮನಿಯೊಳಗೂ ಯಾರೋ ನೂಲು ಜಗ್ಗುತ್ತಿದ್ದರು, ಗೋಡಿ ಏಳುತ್ತಿತ್ತು, ಓಣಿ ಉದ್ದ ಆಗುತ್ತಿತ್ತು, ನಾನು ಬಾಗಿಲು ಬಾಗಿಲಿಗೆ ಹೋಗಿ ಲಗೂನ ಮಾಡ್ರಿ ಅನ್ನುತ್ತಿದ್ದೆ. ಮ್ಯಾಲೆ ಮಂಚದಾಗ ಅತ್ತಿ ಎಚ್ಚರ ಕೂತು ಹುಡುಗಿಯ ಲಿಂಗ ತನ್ನ ಅಂಗೈಯೊಳಗ ಹಿಡಿದಿರುತ್ತಿದ್ದಳು.

ಐದನೇ ದಿನ ಡಾಕ್ಟರು ಅದಕ್ಕಾಗೇ ಮತ್ತ ಬಂದು ಬಿಚ್ಚಿದರು. ಅಂಗೈ ಗುಲಾಬಿ ಬಣ್ಣ ಆಗಿತ್ತು, ಜೀವ ಹಿಡಿದಿತ್ತು. ಕಿರುಬೆರಳಿನ ಕಡಿ ಒಂದು ಮೂಲಿ ಮಾತ್ರ ಕರ್ರಗಾಗಿತ್ತು, ಅಲ್ಲಿ ಹತ್ತಿರಲಿಲ್ಲ. ಅತ್ತಿ ಮೂಗಿನ ಹತ್ತಿರ ತಂದು ಹೊಲಿಗಿ ನೋಡಿದಳು. ನಮ್ಮ ಸೀರಿಯೊಳಗ ಮೈಯ ನೂಲು ಬ್ಯಾರೆ, ಸೆರಗಿನ ನೂಲು ಬ್ಯಾರೆ. ಎಳಿಗೆ ಎಳಿ ಕೊಂಡಿ ಹಾಕಿ ಕೂಡಿಸತೇವಿ. ಆ ಕೆಲಸದಾಗ ಆಕಿಯನ್ನು ಮೀರಿಸುವವರು ಓಣಿಯೊಳಗ ಇರಲಿಲ್ಲ. ಇಲ್ಲಿ ಎಳಿ ಸಡಲ ಬಿಟ್ಟೀರಿ, ಅದಕ್ಕ ಹಿಡಿದಿಲ್ಲ ಅಂದಳು ಡಾಕ್ಟರಿಗೆ. ಅವರು ಬಗ್ಗಿ ನೋಡಿ, ಖರೆ ಅಂದರು.

ತೊಡಿಯ ಗಾಯವನ್ನು ನಾನು ದಿನಾ ನೋಡುತ್ತಿದ್ದೆ. ಮೊದಲು ಕೆಂಪು ಹಸೀ ನೆಲ. ಆಮ್ಯಾಲೆ ಅಲ್ಲಲ್ಲಿ ರವಾದಷ್ಟು ಬೆಳ್ಳನ್ನ ಚುಕ್ಕಿ, ಒಂದೊಂದು ಕೂದಲಿನ ಬುಡಕ್ಕ ಒಂದೊಂದು. ಚುಕ್ಕಿ ಅಗಲಾಗಿ ಚುಕ್ಕಿಗೆ ಕೂಡಿತು. ಹದಿನೈದು ದಿನಕ್ಕ ಮುಚ್ಚಿತು. ಡಾಕ್ಟರು ಆ ಮೂಲಿಗೆ ಬೇಕಾದ ತುಂಡನ್ನು ಅದೇ ಜಾಗದಿಂದಲೇ ಮತ್ತೊಮ್ಮೆ ಕೆತ್ತಿದರು. ಅದೂ ಮತ್ತ ಬಂತು. ಎರಡನೇ ಸರ್ತಿ ಅತ್ತಿ ಬಾಜೂಕ ನಿಂತು ಹೊಲಿಗಿ ಎಣಿಸಿದಳು.

ಆರು ತಿಂಗಳು ರಾತ್ರಿ ಹಲಗಿ, ಹಗಲು ಕೊಬ್ಬರಿಎಣ್ಣಿ ಹಚ್ಚಿ ತಿಕ್ಕೂದು, ಬೆರಳು ಹಿಂದಕ್ಕ ಒತ್ತೂದು. ಹುಡುಗಿ ಅತ್ತಳು, ನನಗ ಬೈದಳು, ನಾನು ಒತ್ತಿದೆ. ಆಮ್ಯಾಲೆ ಇಳಕಲ್ಲಿಗೆ ಕರಕೊಂಡು ಹೋದೆ.

ಮರುದಿನ ಮುಂಜಾನೆ ಅತ್ತಿ ತನ್ನ ಪೂಜಿ ಮುಗಿಸಿ ಕಣ್ಣು ತೆರೆದಳು. ಹುಡುಗಿ ಜಳಕ ಮಾಡಿ ಬಂದು ಎದುರಿಗೆ ಕೂತಳು, ಅಜ್ಜಿಯ ಎದಿಗೆ ಆನಿಕೊಂಡು ಅಲ್ಲ, ತಾನೇ ಬ್ಯಾರೆ ಕೂಡೂ ಮಣಿ ಹಾಕಿಕೊಂಡು. ಎಡಗೈ ಚಾಚಿದಳು. ಪೂರಾ ನೆಟ್ಟಗಿರಲಿಲ್ಲ, ಕಿರುಬೆರಳು ಕೊಂಚ ಬಾಗಿತ್ತು. ಬೆಳ್ಳನ್ನ ತೊಗಲು, ಒಂದೂ ಗೆರಿ ಇಲ್ಲ, ಬರೆಯದ ಪಾಟಿಯಂಗ. ವಿಭೂತಿ ಹಚ್ಚಿದರ ಬೆವರು ಇಲ್ಲದ ಆ ತೊಗಲಿಗೆ ಹತ್ತಲಿಲ್ಲ, ಉದುರಿತು. ಅತ್ತಿ ಅದನ್ನೇ ನೋಡುತ್ತಾ ಕೂತಳು. ಈಗ ಎದ್ದು ಹೋಗತಾಳ ಅಂತ ನಾನು ಕಂಬ ಹಿಡಿದು ನಿಂತಿದ್ದೆ.

ಅತ್ತಿ ಬೆರಳು ನೀರಿಗೆ ಅದ್ದಿ ಹುಡುಗಿಯ ಅಂಗೈ ತೋಯಿಸಿದಳು. ಮತ್ತ ವಿಭೂತಿ ಹಚ್ಚಿದಳು, ಈ ಸರ್ತಿ ನಿಂತಿತು. ಕರಡಿಗಿ ಬಿಚ್ಚಿ, ಹನ್ನೊಂದು ತಿಂಗಳು, ಆಮ್ಯಾಲಿನ ಆರು ತಿಂಗಳೂ ನಾವು ಹೊತ್ತ ಲಿಂಗವನ್ನು ಅಲ್ಲಿ ಇಟ್ಟಳು. ಜಾರಿದರ ಹಿಡಿಯಾಕ ತನ್ನ ಎರಡೂ ಕೈ ಕೆಳಗ ಒಡ್ಡಿದಳು. ಜಾರಲಿಲ್ಲ.

"ಭಾರ ಗೊತ್ತಾಗತೈತೇನು?" ಅಂತ ಕೇಳಿದಳು.

"ಹೂಂ ಆಯಿ. ಗೊತ್ತಾಗತೈತಿ."

"ಹಂಗಾದ್ರ ಆತು," ಅಂದಳು ಅತ್ತಿ. ಕೆಳಗ ಒಡ್ಡಿದ್ದ ಕೈ ಹಿಂದಕ್ಕ ತಗೊಂಡು ತನ್ನ ತೊಡಿಯ ಮ್ಯಾಲೆ ಇಟ್ಟುಕೊಂಡಳು.